ಹೂಂಗುಟ್ಟಿದ ಕೊಕ್ಕರೆ

ಕೆರೆಯಂಚಿನಲ್ಲಿ ಕೊಕ್ಕರೆಯೊಂದು ಕಪ್ಪೆಯ ಕಾಲು ಕಚ್ಚಿ ಹಿಡಿಯಿತು.

"ಕೊಕ್ಕರೆರಾಯರೇ, ಸಾಯುವ ಮುಂಚೆ ಒಂದು ಕಥೆ ಹೇಳುತ್ತೇನೆ," ಎಂದಿತು ಕಪ್ಪೆ. "ತಾವು ಹೂಂಗುಟ್ಟಬೇಕು. ಹೂಂ ಅನ್ನುವವರಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ."

ಇದು ಬಾಯಿ ತೆರೆಸುವ ಉಪಾಯವೆಂದು ಕೊಕ್ಕರೆ ಒಳಗೊಳಗೇ ನಕ್ಕಿತು. ಹೂಂ ಅನ್ನಲು ಬಾಯಿ ಯಾಕೆ ತೆರೆಯಬೇಕು? ಕೊಕ್ಕು ಬಿಗಿಹಿಡಿದೇ "ಹೂಂ" ಎಂದಿತು.

"ಒಬ್ಬ ರಾಜನ ಮಂಚದಡಿ ಒಂದು ಪೆಟ್ಟಿಗೆಯಿತ್ತು. ಅದನ್ನು ಯಾರೂ ಮುಟ್ಟಬಾರದೆಂದು ಅವನ ಆಜ್ಞೆ."

"ಹೂಂ."

"ಅವನು ಬೇಟೆಗೆ ಹೋದಾಗ ಕಿರಿಯ ರಾಣಿ ಮುಚ್ಚಳ ತೆಗೆದು ನೋಡಿದಳು. ಕಿಟಾರನೆ ಕಿರುಚಿದಳು."

"ಹೂಂ."

ಕಪ್ಪೆ ಸುಮ್ಮನಾಯಿತು.

"ಹೂಂ, ಹೂಂ," ಎಂದು ಕೊಕ್ಕರೆ ಅವಸರಪಡಿಸಿತು. ಕಪ್ಪೆ ತುಟಿ ಪಿಟಕ್ಕೆನ್ನಲಿಲ್ಲ.

"ಒಳಗೇನಿತ್ತು?" ಎಂದು ಕೊಕ್ಕರೆ ಕೇಳಿಯೇ ಬಿಟ್ಟಿತು. ಕಪ್ಪೆ ನೀರಿಗೆ ಬಿತ್ತು.

ಕೊಕ್ಕರೆ ಇಂದಿಗೂ ಅಲ್ಲೇ ಒಂಟಿಕಾಲಲ್ಲಿ ನೀರು ನೋಡುತ್ತ ನಿಂತಿದೆ. ಮೀನಿಗಾಗಿ ಎಂದು ಜನ ತಿಳಿದಿದ್ದಾರೆ.