ಕಾಯುವ ದಿಬ್ಬ

ಸರೋವರ ನುಂಗಿದವರು ಹಿಂದಿರುಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಹಿಂದಿರುಗಿದಂತೆ ಕಂಡರೆ ಅದು ಸತ್ತವನ ರೂಪ ತೊಟ್ಟ ಬೇರೇನೋ. ಅಂಗಳದಾಚೆ ನಿಂತು ಕಾಯುತ್ತದೆ. ಮನೆಯವರು ಹೆಸರು ಹಿಡಿದು ಕರೆದರೆ ಒಳಗೆ ಬಂದು ಎಲ್ಲರನ್ನೂ ನೀರಿಗೆ ಒಯ್ಯುತ್ತದೆ.

ಚಿಲಿ ದೇಶದ ದಕ್ಷಿಣ ಕರಾವಳಿಯ ಪ್ವೆರ್ತೊ ಎಲಾದಿಯೊ ಪಟ್ಟಣದಲ್ಲಿ ನೋಡುವಂಥದ್ದು ಹೆಚ್ಚೇನಿಲ್ಲ. ಹುರಿದ ಮೀನು, ಬಣ್ಣ ಕಳೆದುಕೊಂಡ ದೋಣಿಗಳು, ಸದಾ ಬೀಸುವ ಗಾಳಿ. ಮರಳದಿಬ್ಬಗಳನ್ನು ದಾಟಿದರೆ ಉಪ್ಪುನೀರಿನ ಸರೋವರ, ಅದರಲ್ಲಿ ಕಪ್ಪು ಕೊರಳಿನ ಹಂಸಗಳು, ದಡದುದ್ದಕ್ಕೂ ಅಲ್ಲಿಯ ಮೂಲನಿವಾಸಿಗಳಾದ ಮಪುಚೆ ಜನರ ಹುಲ್ಲುಮನೆಗಳು. ಎಲ್ವಿರಾ ಕಯುಪಾನ್ ಎಂಬ ಮುದುಕಿಯ ಮನೆಯ ಮುಂದೆ, ಕೂಗಳತೆಯ ದೂರದಲ್ಲಿ ಒಂದು ತಗ್ಗು ದಿಬ್ಬವಿದೆ. ಅದರ ಹೆಸರು ಉಂಗುಮ್‌ವೆ. ಕಾಯುವ ಜಾಗ ಎಂದು ಅರ್ಥ ಹೇಳುತ್ತಾರೆ. ಮಪುಚೆಯವರಲ್ಲಿ ಬಂದವರು ನೇರ ಮನೆಗೆ ನುಗ್ಗುವಂತಿಲ್ಲ. ದೂರದಲ್ಲಿ ನಿಲ್ಲಬೇಕು, ಮನೆಯವರು ಕರೆದ ಮೇಲೆ ಹೋಗಬೇಕು. ನಾವು ಪ್ರವಾಸಿಗಳು ವ್ಯಾನಿನಿಂದ ಇಳಿದು ದಿಬ್ಬದ ಮೇಲೆ ನಿಂತಾಗ ಎಲ್ವಿರಾ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ನಮ್ಮನ್ನು ನೋಡಿಯೂ ಆ ಕೆಲಸದಲ್ಲಿ ಅವಸರ ಮಾಡಲಿಲ್ಲ. "ಹಾಗೇ ಹೋಗಬಾರದೇ?" ಎಂದು ಜೊತೆಯವರೊಬ್ಬರು ಗೊಣಗಿದರು. "ಹೋಗಿ ಸ್ವಾಮಿ," ಎಂದ ವ್ಯಾನಿನ ಚಾಲಕ, "ನಾಯಿಗಳಿಗೂ ಊಟದ ಹೊತ್ತು."

ಹಿಂದೆ ಒಮ್ಮೆ, ಪಟ್ಟಣವಿನ್ನೂ ಇಲ್ಲದಿದ್ದ ಕಾಲದಲ್ಲಿ, ಇದೇ ಜಾಗದಲ್ಲಿ ಲೆಫಿಮಾನ್ ಎಂಬವನು ಹೆಂಡತಿ ಕಲ್ಫುರಾಯ್ ಜೊತೆ ವಾಸವಾಗಿದ್ದನಂತೆ. ಅವನಿಗೆ ಪಾಲಿನ್ ಎಂಬ ಚೆಂಡುಕೋಲಿನ ಆಟದ ಹುಚ್ಚು. ಹೆಂಡತಿ ಚಳಿಗಾಲವಿಡೀ ಕೂತು ನೇಯ್ದ ಕಂಬಳಿಯನ್ನು ಒಂದು ದಿನ ಅವನು ಆಟದ ಕೋಲೊಂದಕ್ಕೆ ಕೊಟ್ಟು ಬಂದ. "ಒಳ್ಳೆಯ ಕೋಲು," ಎಂದು ತೋರಿಸಿದ ಕೂಡ. "ಅದನ್ನೇ ಹೊದ್ದುಕೋ," ಎಂದಳು ಅವಳು. "ನಾನು ಕರೆಯುವವರೆಗೆ ಈ ಅಂಗಳ ತುಳಿಯಬೇಡ." ಅವನು ಮುಖ ಊದಿಸಿಕೊಂಡು, ಒಂದೇ ಮರದ ದಿಮ್ಮಿ ಕೊರೆದು ಮಾಡಿದ ದೋಣಿ ಹತ್ತಿ ಹೊರಟುಹೋದ. ಅದು ಮಳೆಗಾಲ. ತುಂಬಿದ ಸರೋವರ ಅದೇ ದಿನ ಮರಳಿನ ತಡೆಯನ್ನು ಒಡೆದುಕೊಂಡು ಕಡಲಿಗೆ ನುಗ್ಗಿತು. ಮಾರನೆಯ ದಿನ ದೋಣಿ ಸಿಕ್ಕಿತು, ಮಗುಚಿತ್ತು. ಅವನು ಸಿಗಲಿಲ್ಲ. ಹೆಣವಿಲ್ಲದ್ದರಿಂದ ಅವನ ಪೊಂಚೋವನ್ನು, ಎಂದರೆ ತಲೆಯಿಂದ ಇಳಿಬಿಡುವ ಉಣ್ಣೆಯ ಹೊದಿಕೆಯನ್ನು, ಅದೇ ದೋಣಿಯಲ್ಲಿ ಮಲಗಿಸಿ ಮಣ್ಣು ಮಾಡಿದರು. ಅದನ್ನೂ ನೇಯ್ದದ್ದು ಕಲ್ಫುರಾಯ್. ಆಗ ಅವಳು ಬಸುರಿ. ಗಂಡನಿಗೆ ತಾನಾಡಿದ ಕೊನೆಯ ಮಾತು ಅವಳನ್ನು ಬಿಡಲಿಲ್ಲ ಎನ್ನುತ್ತಾರೆ. ಇದನ್ನು ನಂಬಲು ನನಗೆ ಕಷ್ಟವಾಗಲಿಲ್ಲ.

ಮುಂದಿನ ಮಳೆಗಾಲದ ಮೊದಲ ದಿನಗಳಲ್ಲಿ ದಿಬ್ಬದ ಮೇಲೆ ಲೆಫಿಮಾನ್ ನಿಂತಿದ್ದ. ನೆರೆಮನೆಗಳ ಬಾಗಿಲುಗಳೆಲ್ಲ ಮುಚ್ಚಿದವು. ಗಂಡನ ದೊಡ್ಡಮ್ಮ ಓಡಿ ಬಂದು ಸೊಸೆಯ ಬಾಯಿಗೆ ಕೈ ಅಡ್ಡ ಹಿಡಿದಳು. "ಕರೆಯಬೇಡ. ಕೂಸಿನ ಮುಖ ನೋಡು. ಬದುಕಿದ್ದವನಾದರೆ ಓಡಿ ಬರುತ್ತಿರಲಿಲ್ಲವೇ?" ಮಳೆ ಹಿಡಿಯಿತು. ದಿಬ್ಬದ ಮೇಲಿನದು ಅಲುಗಲಿಲ್ಲ, ಕೈ ಬೀಸಲಿಲ್ಲ, ಕೂಗಲಿಲ್ಲ. ಕಲ್ಫುರಾಯ್ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಪಾಪಾಯ್," — ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ — "ಮೋಸ ಮಾಡಲು ಬಂದದ್ದು ಒಳ್ಳೆಯ ಮುಖ ತೋರಿಸುವುದಿಲ್ಲವೇ? ಇದು ನಮಗೆ ಬೆನ್ನು ಹಾಕಿ ನಿಂತಿದೆ. ಹೀಗೆ ಮುನಿಸಿಕೊಂಡು ನೆನೆಯುವವನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ." ಹಾಗೆಂದರೂ ಅವಳಿಗೆ ಪೂರ್ತಿ ಧೈರ್ಯವಿರಲಿಲ್ಲ. ಕೂಸನ್ನು ದೊಡ್ಡಮ್ಮನ ತೋಳಿಗಿಟ್ಟಳು. "ನನ್ನ ಎಣಿಕೆ ತಪ್ಪಿದರೆ ಇದು ನಿಮ್ಮದು. ಗುಡ್ಡದ ಕಡೆ ಹೋಗಿ." ದೊಡ್ಡಮ್ಮ ಗುಡ್ಡದ ನೆತ್ತಿ ಸೇರುವವರೆಗೂ ಕಾದಳು. ಆಮೇಲೆ ಅಂಗಳದ ಅಂಚಿಗೆ ಬಂದು ಹೆಸರು ಹಿಡಿದು ಕರೆದಳು.

ಅವನು ತಿರುಗಿದ. ಕುಂಟುತ್ತಿದ್ದ. "ಇಷ್ಟು ಹೊತ್ತೇ?" ಎಂದ. "ಚಳಿಯಲ್ಲಿ ಸಾಯುತ್ತಿದ್ದೆ."

"ಒಂದು ಸಲ ಸತ್ತದ್ದು ಸಾಲದೇ?" ಎಂದಳಂತೆ ಕಲ್ಫುರಾಯ್. ತನ್ನ ಶಾಲು ತೆಗೆದು ಅವನ ತಲೆ ಒರೆಸಿದಳು.

ನಡೆದದ್ದು ಇಷ್ಟೇ. ಕಡಲು ಅವನನ್ನು ದಕ್ಷಿಣದ ಯಾವುದೋ ತೀರಕ್ಕೆ ಎಸೆದಿತ್ತು, ಕಾಲು ಮುರಿದಿತ್ತು. ಅಲ್ಲಿಯವರು ಆರೈಕೆ ಮಾಡಿದರು, ಮೂಳೆ ಕೂಡಿದ ಮೇಲೆ ನಡೆದು ಬಂದ. ಮರುದಿನ ತನ್ನ ಗೋರಿಯನ್ನು ತಾನೇ ಅಗೆದು ಪೊಂಚೋ ತೆಗೆದುಕೊಂಡ. ದೊಡ್ಡಮ್ಮ ಮಾತ್ರ ಕೊನೆಯವರೆಗೂ ಅವನಿಗೆ ಬೆನ್ನು ಕೊಟ್ಟು ಕೂರಲಿಲ್ಲ.

ದಿಬ್ಬದ ನೆತ್ತಿಯಲ್ಲಿ ಈಗಲೂ ಹುಲ್ಲಿಲ್ಲ. ಬಂದವರೆಲ್ಲ ಅಲ್ಲೇ ನಿಂತು ನೆಲ ಸವೆದಿದೆ. ಪ್ರೇತದ ಹೆಜ್ಜೆ ಬಿದ್ದಲ್ಲಿ ಹುಲ್ಲು ಹುಟ್ಟುವುದಿಲ್ಲವೆಂದೂ, ಕರೆದ ತಪ್ಪಿಗೆ ಆ ಮನೆತನವೇ ನೀರುಪಾಲಾಯಿತೆಂದೂ ಪಟ್ಟಣದ ಮಾರ್ಗದರ್ಶಿ ಇಂದಿಗೂ ಪ್ರವಾಸಿಗಳಿಗೆ ಹೇಳುತ್ತಾನೆ. ಎಲ್ವಿರಾ ಕೋಳಿಗಳಿಗೆ ಕಾಳು ಹಾಕಿ ಮುಗಿಸಿ ಅಂಗಳದ ಅಂಚಿಗೆ ಬಂದಳು, ಚಾಲಕನಿಂದ ನಮ್ಮ ಹೆಸರು ಕೇಳಿ ತಿಳಿದು ಒಬ್ಬೊಬ್ಬರನ್ನೇ ಕರೆದಳು, ಒಳಗೆ ಕೂರಿಸಿ ಹುರಿದ ಗೋಧಿಹಿಟ್ಟು ಕಲಸಿ ಕೊಟ್ಟಳು.

ಅಂದು ಗುಡ್ಡ ಹತ್ತಿದ ಕೂಸಿಗೆ ಆಮೇಲೆ ಒಬ್ಬಳು ತಂಗಿ ಹುಟ್ಟಿದಳು. ಅವಳು ಎಲ್ವಿರಾಳ ಅಜ್ಜಿಯ ಅಜ್ಜಿ.