ಕಾಗೆತಾತನ ಎಡೆ

ಒಂದು ಕಾಡಿನಲ್ಲಿ ಕಪ್ಪಣ್ಣ ಎಂಬ ಕಾಗೆ ಇತ್ತು. ಕಾಗೆ ಯಾವ ಕಾಡಿನಲ್ಲಿಲ್ಲ? ಆದರೆ ಇದಕ್ಕೆ ಪಂಚಾಂಗ ಗೊತ್ತಿತ್ತು. ಪಿತೃಪಕ್ಷದಲ್ಲಿ ಸತ್ತ ಹಿರಿಯರು ಕಾಗೆಯಾಗಿ ಬರುತ್ತಾರೆ, ಕಾಗೆ ಎಡೆ ಮುಟ್ಟುವವರೆಗೆ ಮನೆಯವರು ಉಣ್ಣುವಂತಿಲ್ಲ ಎಂಬುದನ್ನು ಅದು ಊರಿನ ಹಿತ್ತಿಲುಗಳಲ್ಲಿ ಕಲಿತಿತ್ತು.

ಪಕ್ಷ ಶುರುವಾದ ದಿನವೇ ಅದು ಕೋತಿ ಕೆಂಚಣ್ಣನ ಆಲದ ಮರಕ್ಕೆ ಹೋಗಿ ಕೂತಿತು.

"ಏನೋ ಕೆಂಚ, ಅಪ್ಪನ ಗುರುತು ಸಿಗಲಿಲ್ಲವೇನೋ?"

ಕೆಂಚಣ್ಣ ಅಡ್ಡಬಿದ್ದ. ಅವನ ಹೆಂಡತಿ ಪುಟ್ಟತಾಯಿ ಮುತ್ತುಗದ ಎಲೆಯ ಮೇಲೆ ಬಾಳೆಹಣ್ಣು ಇಟ್ಟಳು. ಕಾಗೆ ಮುಟ್ಟಲಿಲ್ಲ.

"ಬದುಕಿದ್ದಾಗಲೂ ಇದನ್ನೇ ಹಾಕುತ್ತಿದ್ದೆಯಲ್ಲಮ್ಮ."

ಸೀತಾಫಲ ಬಂತು. ಸಾಲದಾಯಿತು. ಜೇನುತಟ್ಟಿ ಬಂತು. ಅಷ್ಟರಲ್ಲಿ ಹೊತ್ತು ಇಳಿದು, ಹಸಿದ ಮರಿಗಳು ಒಂದರ ಬಾಲ ಒಂದು ಚೀಪುತ್ತಿದ್ದವು. ದಿನವೂ ಇದೇ ಕಥೆ. ಕಪ್ಪಣ್ಣನಿಗೆ ಬೊಜ್ಜು ಬಂತು. ಸತ್ತವನಾಗಿರುವುದು ಇಷ್ಟು ಸುಖವೆಂದು ಅದಕ್ಕೆ ಗೊತ್ತಿರಲಿಲ್ಲ.

ಒಂದು ದಿನ ಕೆಂಚಣ್ಣನ ತಾಯಿ ತುಂಗಜ್ಜಿ ತವರಿನಿಂದ ಬಂದಳು. ಮರಿಗಳ ಹೊಟ್ಟೆ ನೋಡಿದಳು. ಕಾಗೆಯ ಹೊಟ್ಟೆ ನೋಡಿದಳು. ಕೈಮುಗಿದಳು.

"ಬಂದಿರಾ? ಒಳ್ಳೆಯದಾಯಿತು. ಲೇ ಪುಟ್ಟತಾಯಿ, ಇದೇನು ಬಡಿಸಿದ್ದೀಯೆ? ನಿಮ್ಮ ಮಾವ ಕಾಶಿಗೆ ಹೋದಾಗ ಇಷ್ಟವಾದದ್ದನ್ನೆಲ್ಲ ಬಿಟ್ಟು ಬಂದವರು. ಹಣ್ಣು ಬಿಟ್ಟರು, ಜೇನೂ ಬಿಟ್ಟರು. ಆಮೇಲೆ ಬಾಯಿಗೆ ಹಾಕಿದ್ದು ಬೇವಿನ ಸೊಪ್ಪೊಂದೇ. ಅಲ್ಲವೇನ್ರೀ?"

ಅಲ್ಲವೆಂದರೆ ಅಪ್ಪನ ಪದವಿ ಹೋಗುತ್ತದೆ. ಕೆಂಚಣ್ಣನ ಕೈ ಯಾಕೋ ಆಗಲೇ ಕಲ್ಲು ತಡಕುತ್ತಿತ್ತು.

"ಮರೆತಿದ್ದೆ ಕಣೇ," ಎಂದಿತು ಕಾಗೆ.

"ವಯಸ್ಸಾಯಿತಲ್ಲ."

ಬೇವು ಬಂತು. ಕಪ್ಪಣ್ಣ ಕಣ್ಣು ಮುಚ್ಚಿ ಕೊಕ್ಕು ಹಾಕಿತು. ಎಡೆ ಮುಟ್ಟಿದ್ದೇ ತಡ, ಮರಿಗಳು ಜೇನಿನ ಮೇಲೆ ಬಿದ್ದವು.

"ಪೂರ್ತಿ ತಿನ್ನಿ, ಎಲೆಯಲ್ಲಿ ಬಿಡಬಾರದು," ಎಂದಳು ತುಂಗಜ್ಜಿ. "ನಾಳೆಯೂ ಬನ್ನಿ. ಅಮಾವಾಸ್ಯೆಯವರೆಗೆ ಇದೇ ಎಡೆ."

ಕಾಗೆ ಪೂರ್ತಿ ತಿಂದಿತು. ಮೇಲಿನ ಕೊಂಬೆಗೆ ಹೋಗಿ ಕೊಕ್ಕು ಉಜ್ಜುತ್ತಿದ್ದಾಗ ಕೆಳಗಿನ ಮಾತು ಕಿವಿಗೆ ಬಿತ್ತು.

"ಅತ್ತೆ, ಮಾವ ಕಾಶಿಗೆ ಯಾವಾಗ ಹೋಗಿದ್ದರು?"

"ಎಲ್ಲಿಯ ಕಾಶಿ? ಅವರು ಈ ಹಳ್ಳವನ್ನೂ ದಾಟಿದವರಲ್ಲ."

"ಮತ್ತೆ ಹಾಗಂದಿರಿ?"

"ಕಾಗೆ ನಿಮ್ಮ ಮಾವ ಆಗಬಹುದಂತೆ. ನಿಮ್ಮ ಮಾವ ಕಾಶಿಗೆ ಹೋಗಬಾರದೇನು?"

ನೀತಿ: ಹಿರಿಯರ ಹೆಸರಿನಲ್ಲಿ ಉಣ್ಣಲು ಕೂತವನು ಹಿರಿಯರ ವ್ರತವನ್ನೂ ನುಂಗಬೇಕಾಗುತ್ತದೆ.