ಸಾಹುಕಾರರ ಮೈಲೇಜು

ಶಾಮಿಯಾನ ಬಾಡಿಗೆಗೆ ಕೊಡುವ ಸಾಹುಕಾರ ಚನ್ನವೀರಪ್ಪನವರು ಪಿಕಪ್ ಡ್ರೈವರ್ ಮೌಲಾಲಿಯ ಮೇಲೆ ಹರಿಹಾಯ್ದರು. "ಶೋರೂಮಿನವನು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಅಂದಿದ್ದ, ನೀನು ಏಳು ಅಂತೀಯ. ಡೀಸೆಲ್ ಕದಿಯೋನು ನನಗೆ ಬೇಡ."

"ಹಿಂದೆ ಜನರೇಟರ್ ಎಳೀತದಲ್ರೀ, ಸಾಹುಕಾರ್ರೆ."

"ಏನೇ ಎಳೀಲಿ, ಗಾಡಿ ಅದೇ ಅಲ್ವೇನೋ?"

ಮೌಲಾಲಿ, ಜನರೇಟರ್ ಟ್ರೇಲರನ್ನು ಪಿಕಪ್ಪಿನ ಕೊಕ್ಕೆಯವರೆಗೆ ಎಳೆಯಲು ಒಂದು ಕೈ ಹಾಕಿ ಎಂದ. ಇಬ್ಬರೂ ಬೆವರು ಸುರಿಸಿ ಎಳೆದರು. ಆಮೇಲೆ ಹೋಟೆಲಿನಲ್ಲಿ, ದಿನಾ ಎರಡೇ ಇಡ್ಲಿಗೆ ಕೈ ತೊಳೆಯುವ ಸಾಹುಕಾರರು ಆರನೆಯದಕ್ಕೆ ಚಟ್ನಿ ಕೇಳಿದರು.

ಮೌಲಾಲಿ ಮೆಲ್ಲಗೆ ಕೇಳಿದ, "ಮನುಷ್ಯರು ಅವರೇ ಅಲ್ವೇನ್ರೀ? ಹೆಚ್ಚಿನ ನಾಲ್ಕು ಇಡ್ಲಿ ಯಾರು ಕದ್ದರು?"

ಸಾಹುಕಾರರು ನಕ್ಕು, ತಮ್ಮ ವಡೆಯನ್ನು ಅವನ ತಟ್ಟೆಗೆ ಹಾಕಿದರು. "ಬೇಜಾರು ಮಾಡ್ಕೋಬೇಡಪ್ಪ. ಕೆಲಸಾನೂ ನಿಂದೇ, ವಡೇನೂ ನಿಂದೇ."

ಮೌಲಾಲಿ ಕೈ ಮುಗಿದ. "ನಿಮ್ಮ ಹೊಟ್ಟೆ ತಣ್ಣಗಿರಲಿ, ಸಾಹುಕಾರ್ರೆ. ನನ್ನ ಕೆಲಸ ಉಳಿಸಿದ್ದೇ ಅದು."